‘ಸಾಕು’ ಅನ್ನದ ಮೀನುಗಳು

ಬನ್ನಿ, ಕೂತ್ಕೊಳ್ಳಿ. ನಗು ಬಂದ್ರೆ ನಗಿ, ಆದ್ರೆ ಬೋರನ್ನ ಬೈಬೇಡಿ. ಬೈಯೋ ಕೆಲಸ ಅವರವ್ವ ಒಬ್ಬಳೇ ಮಾಡಿ ಮುಗಿಸಿದ್ದಾಳೆ.

ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ತಳ್ಳುಗಾಡೀಲಿ ಇಡ್ಲಿ ಮಾರೋಳು. ಅವಳಿಗೊಬ್ಬನೇ ಮಗ, ಬೋರಲಿಂಗ. ಆಳು ಎಷ್ಟು ಎತ್ತರ ಅಂದ್ರೆ ಮನೆ ಬಾಗಿಲಲ್ಲಿ ಬಗ್ಗಿ ಬರಬೇಕು. ಬುದ್ಧಿ? ಅದು ಇನ್ನೂ ದಾರೀಲಿತ್ತು, ಮನೆಗೆ ಬಂದಿರಲಿಲ್ಲ.

ಹಾಗಂತ ಸೋಮಾರಿಯಲ್ಲ. ಹೇಳಿದ ಕೆಲಸ ಮಾಡೋನು. ಕಷ್ಟ ಬಂದಿದ್ದೇ ಅಲ್ಲಿ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ‘ಬಾಗಿಲು ನೋಡ್ಕೊಳ್ಳೋ’ ಅಂದ್ರೆ ಬಾಗಿಲನ್ನೇ ನೋಡ್ಕೊಂಡು ಕೂರೋನು. ಹಿತ್ತಲಿಂದ ನಾಯಿ ಬಂದು ಇಡ್ಲಿ ಹಿಟ್ಟು ನೆಕ್ಕಿ ಹೋದರೂ ಕತ್ತು ತಿರುಗಿಸೋನಲ್ಲ.

“ಅಯ್ಯೋ ನನ್ನ ಕರ್ಮವೇ! ನಾನಿರೋ ತನಕ ನಾನು ಹಾಕ್ತೀನಿ. ನಾನು ಕಣ್ಣು ಮುಚ್ಚಿದ ಮೇಲೆ ನಿನಗೆ ತುತ್ತು ಹಾಕೋರು ಯಾರೋ?”

“ಕಣ್ಣು ಬಿಟ್ಕೊಂಡು ಹಾಕವ್ವ!”

ಕೆಂಪಾಜಮ್ಮನಿಗೆ ಅದೊಂದೇ ಯೋಚನೆ, ಮಗನ ಅನ್ನದ ಯೋಚನೆ. ಊರಿಗೆಲ್ಲ ಬಡಿಸಿ, ಮಗನಿಗೆ ಬಡಿಸಿ, ಕೊನೆಗೆ ಪಾತ್ರೆ ಕೆರೆದು ಅವಳು ಉಣ್ಣೋಳು. ಕೊರಳ ಮೂಳೆ ಎದ್ದು ಕಾಣೋದು. ಯಾರಾದ್ರೂ ಕೇಳಿದ್ರೆ, “ನಂದೇನು ಬಿಡಿ” ಅನ್ನೋಳು.

ಗಾಡಿ ಪಕ್ಕದಲ್ಲೇ ರಹಮತ್ ಸಾಬ್ರ ಬಣ್ಣದ ಮೀನಿನ ಅಂಗಡಿ. ಒಂದು ದಿನ ಅವಳೇ ಬಾಯಿಬಿಟ್ಟು ಕೇಳಿದಳು.

“ಸಾಬ್ರೇ, ನಮ್ಮ ಬೋರಂಗೆ ಅಂಗಡೀಲೊಂದು ಕೆಲಸ ಕೊಡಿ.”

ಸಾಬ್ರು ಗಡ್ಡ ಕೆರೆದುಕೊಂಡರು. ಆಮೇಲೆ ಒಂದು ಗಾಜಿನ ತೊಟ್ಟಿ ತೋರಿಸಿದರು. ಒಳಗೆ ಮೂರು ಮೀನು. ಮೈಮೇಲೆ ಪಟ್ಟೆ, ಬಾಯಿಗೆ ಸಣ್ಣ ಮೀಸೆ. ತಲೆ ದಪ್ಪ, ಹೊಟ್ಟೆ ಒಳಕ್ಕೆ, ಬೆನ್ನು ಕತ್ತಿ ಅಲಗು.

“ಲೋಚ್ ಮೀನಮ್ಮ ಇವು. ತಳದಲ್ಲಿ ಬದುಕೋ ಜೀವ. ಸಾಕಿದೋರ ಮನೇಲಿ ದೊಡ್ಡ ಮೀನುಗಳ ಜತೆ ಬಿಟ್ಟಿದ್ರು. ಮೇಲಿನೋವು ಎಲ್ಲಾ ನುಂಗಿದ ಮೇಲೆ ಕೆಳಗಿನೋವಕ್ಕೆ ಏನು ಇಳೀತದೆ? ಹೊಟ್ಟೆಹುಳಕ್ಕೆ ಔಷಧಿ ನಾನೇ ಹಾಕಿ ಮುಗಿಸಿದೀನಿ. ಇನ್ನು ಬೇಕಾಗಿರೋದು ಊಟ. ಬೋರ ಇವನ್ನ ಉಣ್ಣಿಸಿ ಗುಂಡಗೆ ಮಾಡ್ಲಿ, ಅಂಗಡೀಲಿ ಕೆಲಸ ಖಾಯಂ. ಸತ್ರೆ ಮಾತ್ರ ನನ್ನ ಕೇಳಬೇಡಿ.”

ಮಗನ ಅನ್ನ ಆ ಮೂರು ಮೀನಿನ ಹೊಟ್ಟೇಲಿತ್ತು.

ತೊಟ್ಟಿ ಮನೆಗೆ ಬಂತು. ಮೀನಿನ ಕಾಳಿನ ಡಬ್ಬಿಯೂ ಬಂತು. ಸಂತೆಗೆ ಹೊರಟ ಕೆಂಪಾಜಮ್ಮ ಮಗನನ್ನ ಕೂರಿಸಿ ಹೇಳಿದಳು.

“ಮಗಾ, ಇವು ನಮ್ಮನೆಗೆ ಬಂದ ನೆಂಟರು ಅಂದ್ಕೋ. ನೆಂಟರಿಗೆ ಹೆಂಗೆ ಬಡಿಸ್ತೀವಿ? ಸಾಕು ಅನ್ನೋವರೆಗೂ ಬಡಿಸ್ತೀವಿ.”

“ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ.”

ಬೋರ ಒಂದು ಚಿಟಿಕೆ ಹಾಕಿದ. “ಸಾಕಾ?” ಅಂದ. ಮೀನು ಬಾಯಿ ತೆಗೀತು, ಮುಚ್ಚಿತು. ‘ಸಾಕು’ ಅನ್ನಲಿಲ್ಲ. ಒಂದು ಹಿಡಿ ಹಾಕಿದ. “ಸಾಕಾ?” ಬಾಯಿ ತೆಗೀತು, ಮುಚ್ಚಿತು. ‘ಸಾಕು’ ಅನ್ನಲಿಲ್ಲ. ಅರ್ಧ ಡಬ್ಬಿ ಸುರಿದ. ಇಡ್ಲಿ ಪುಡಿ ಮಾಡಿ ಹಾಕಿದ. ಮೇಲಿಷ್ಟು ಚಟ್ನಿ ಹಾಕೋಣ ಅಂತ ಸೌಟು ಎತ್ತಿದ್ದ, ಅಷ್ಟರಲ್ಲಿ ಅವ್ವ ಬಂದಳು.

“ಲೋ! ತೊಟ್ಟೀಲಿ ಅಂಬಲಿ ಕಾಯಿಸಿದ್ದೀಯೇನೋ? ಮೀನೆಲ್ಲೋ?”

“ಊಟಕ್ಕೆ ಕೂತವ್ವೆ ಕಣವ್ವ. ಇನ್ನೂ ಸಾಕು ಅಂದಿಲ್ಲ!”

ಹಿಂದಿನ ದಿನ ಹಿಡಿದಿಟ್ಟ ನೀರಿತ್ತು, ಪುಣ್ಯ! ಕೆಂಪಾಜಮ್ಮ ಮೀನುಗಳನ್ನ ಹಿಡಿದು ಆ ನೀರಿಗೆ ಬಿಟ್ಟು, ತೊಟ್ಟಿ ತೊಳೆದು, ತಲೆ ಚಚ್ಚಿಕೊಂಡಳು.

“ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮೀನು ಮಾತಾಡುತ್ತೇನೋ? ಹೆಸರುಕಾಳಿನಷ್ಟು ಹಾಕಬೇಕು, ಅಷ್ಟೇ! ತಿನ್ನದೆ ಬಿಟ್ಟಿದ್ದನ್ನ ಆಗಿಂದಾಗ್ಗೆ ಎತ್ತಿಬಿಡಬೇಕು, ಇಲ್ದಿದ್ರೆ ನೀರು ಕೆಡುತ್ತೆ!”

“ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಬೆಳಗಾಯ್ತು. ಗಾರೆ ಕೆಲಸದ ಮುದ್ದಯ್ಯ ಗಾಡಿ ಹತ್ರ ಬಂದ. ಅವ್ವ ಒಲೆ ಊದ್ತಾ, “ಮುದ್ದಯ್ಯಂಗೆ ಹಾಕೋ” ಅಂದಳು. ಬೋರ ಒಂದು ಇಡ್ಲಿ ತಗೊಂಡು, ಚಿವುಟಿ, ಹೆಸರುಕಾಳಿನಷ್ಟು ತಟ್ಟೆಗಿಟ್ಟ.

“ಏನೋ ಇದು, ಪ್ರಸಾದವಾ?” ಅಂದ ಮುದ್ದಯ್ಯ. ಅಷ್ಟು ಕೇಳೋದ್ರೊಳಗೆ ಬೋರ ತಟ್ಟೆ ಕಿತ್ಕೊಂಡ!

“ಲೋ, ಕೊಡೋ ತಟ್ಟೆ!”

“ತಿನ್ನದೆ ಬಿಟ್ರಲ್ಲಣ್ಣ! ನೀರು ಕೆಡುತ್ತೆ!”

“ಯಾವ ನೀರೋ?”

ಮುದ್ದಯ್ಯ ಬೈಕೊಂಡು ಎದುರು ಹೋಟೆಲಿಗೆ ಹೋದ. ಕೆಂಪಾಜಮ್ಮ ಊದುಗೊಳವೆ ಹಿಡಿದುಕೊಂಡೇ ಬಂದಳು.

“ಉಣ್ಣೋರ ತಟ್ಟೆ ಕಿತ್ಕೋತಾರೇನೋ ಪಾಪಿ! ಎದುರಿಗೆ ನಿಂತು, ಮುಖ ನೋಡ್ತಾ, ನಗ್ತಾ ‘ಇನ್ನೊಂಚೂರು ಹಾಕಲಾ, ಇನ್ನೊಂಚೂರು ಹಾಕಲಾ’ ಅಂತ ಉಪಚಾರ ಮಾಡಬೇಕು ಕಣೋ!”

“ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಮನೆಗೆ ಬಂದ. ತೊಟ್ಟಿಗೆ ಒಂದೆರಡು ಕಾಳು ಹಾಕಿದ. ಗಾಜಿಗೆ ಮೂಗು ಒತ್ತಿಕೊಂಡು, ಮೂವತ್ತೆರಡು ಹಲ್ಲೂ ಬಿಟ್ಟು, “ಇನ್ನೊಂಚೂರು ಹಾಕಲಾ? ಇನ್ನೊಂಚೂರು ಹಾಕಲಾ?” ಶುರು ಮಾಡಿದ. ನೀವೇ ಹೇಳಿ, ನಿಮ್ಮ ಮನೆ ಕಿಟಕಿ ತುಂಬ ಅಷ್ಟು ದೊಡ್ಡ ಹಲ್ಲು ಕಂಡರೆ ನೀವು ಉಣ್ತೀರಾ? ಮೂರು ಮೀನೂ ತೊಟ್ಟಿ ತಳದ ಕಲ್ಲಿನ ಸಂದಿಗೆ ನುಗ್ಗಿದವು, ಈಚೆಗೆ ಬರಲೇ ಇಲ್ಲ. ಬೋರನೂ ಬಿಡಲಿಲ್ಲ. ಸಂಜೆ ಸಾಬ್ರು ನೋಡೋಕೆ ಬಂದಾಗ ಅವನ ದವಡೆ ಹಿಡ್ಕೊಂಡಿತ್ತು, ಮೀನಿನ ಹೊಟ್ಟೆ ಇನ್ನಷ್ಟು ಒಳಕ್ಕೆ ಹೋಗಿತ್ತು.

“ಯಾ ಅಲ್ಲಾ! ನಾಚಿಕೆ ಜೀವ ಕಣಪ್ಪ ಅವು! ಯಾರಾದ್ರೂ ನೋಡ್ತಿದ್ರೆ ತಿನ್ನಲ್ಲ. ದೀಪ ಆರಿಸು, ಮೇಲೊಂದು ಬಟ್ಟೆ ಹೊದಿಸು, ಮುಖ ಆ ಕಡೆ ತಿರುಗಿಸ್ಕೊಂಡು ಸುಮ್ನೆ ಕೂರು!”

ಹೊರಗೆ ಹೋಗ್ತಾ ಕೆಂಪಾಜಮ್ಮನ ಕಿವೀಲಿ ಮೆಲ್ಲಗೆ ಅಂದರು, “ಹಿಂಗೇ ಉಪವಾಸ ಇದ್ರೆ ಉಳಿಯಲ್ಲಮ್ಮ.” ಕೆಂಪಾಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಬೋರ ಮಾತ್ರ ಹಲ್ಲು ಮುಚ್ಚಿಕೊಂಡು, “ಆಗ್ಲಿ ಸಾಬ್ರೇ, ಇನ್ಮೇಲೆ ಹಂಗೇ ಮಾಡ್ತೀನಿ” ಅಂದ.

ಮಾರನೇ ದಿನ ಮಧ್ಯಾಹ್ನ ಯಾರು ಬರಬೇಕು? ಕೆಂಪಾಜಮ್ಮನ ತಮ್ಮ, ಕಾಳಪ್ಪ! ಅಪರೂಪದ ನೆಂಟ. ಅವ್ವ ಬಾಳೆಎಲೆ ಹಾಕಿ, ಅನ್ನ ಸಾರು ಬಡಿಸಿ, “ಮಾವನ್ನ ವಿಚಾರಿಸ್ಕೋ, ಮಜ್ಜಿಗೆ ತರ್ತೀನಿ” ಅಂತ ಪಕ್ಕದ ಮನೆಗೆ ಹೋದಳು.

ಬೋರ ಎದ್ದ. ಕಿಟಕಿ ಮುಚ್ಚಿದ. ದೀಪ ಆರಿಸಿದ. ಕಂಬಳಿ ತಂದು ಮಾವನ ತಲೆ ಮೇಲೆ ಹೊದಿಸಿದ, ಎಲೆ ಸಮೇತ! ಗೋಡೆ ಕಡೆ ಮುಖ ಮಾಡಿ ಸುಮ್ನೆ ಕೂತ.

“ಅಯ್ಯಯ್ಯೋ! ಅಕ್ಕಾ! ಯಾರೋ ನನ್ನ ಮುಗಿಸ್ತಾವ್ರೆ!”

“ನಾಚ್ಕೋಬೇಡ ಮಾವ, ತಿನ್ನು. ನಾನು ನೋಡಲ್ಲ.”

ಕಾಳಪ್ಪ ಒದ್ದಾಡಿದ, ಎಲೆ ಮಗುಚಿತು, ಸಾರು ಪಂಚೆ ಮೇಲೆ. ಕೆಂಪಾಜಮ್ಮ ಓಡಿ ಬಂದು ದೀಪ ಹಾಕಿ ನೋಡ್ತಾಳೆ, ತಮ್ಮನ ಮೀಸೇಲಿ ಅನ್ನದಗುಳು!

“ಅಕ್ಕ, ನಿನ್ನ ಮಗ ಇರೋ ತನಕ ಈ ಮನೇಲಿ ನಾನು ನೀರೂ ಮುಟ್ಟಲ್ಲ!” ಕಾಳಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

“ಅಯ್ಯೋ ಮುಂಡೇದೇ! ನೆಂಟರನ್ನ ಒಬ್ಬರನ್ನೇ ಕತ್ತಲಲ್ಲಿ ಕೂರಿಸ್ತಾರೇನೋ? ಜತೇಲಿ ಕೂತು ಉಣ್ಣಬೇಕು! ಅವರೊಂದು ತುತ್ತು, ನೀನೊಂದು ತುತ್ತು! ಎಲೆ ಏಳದಂಗೆ ಮೇಲೆ ಏನಾದ್ರೂ ಭಾರ ಇಡಬೇಕು! ಅಷ್ಟೂ ಗೊತ್ತಾಗಲ್ವಾ?”

“ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ.”

ಅವತ್ತು ಸಂಜೆ ಕೆಂಪಾಜಮ್ಮ ಮಜ್ಜಿಗೆಹುಳಿಗೆ ಅಂತ ಸೌತೆಕಾಯಿ ಬೇಯಕ್ಕಿಟ್ಟು ಉಪ್ಪು ತರೋಕೆ ಅಂಗಡಿಗೆ ಹೋದಳು. ವಾಪಸು ಬಂದು ಬಾಗಿಲು ತೆಗೆದವಳು ಅಲ್ಲೇ ನಿಂತಳು. ಮನೆಯೆಲ್ಲ ಕತ್ತಲೆ. ತೊಟ್ಟಿ ಮೇಲೆ ಕಂಬಳಿ ಮುಚ್ಚಿತ್ತು. ಕಂಬಳಿಯಿಂದಾಚೆ ಬೋರನ ಎರಡು ಕಾಲು.

“ಹೋದವು! ಹೋದ್ವಲ್ಲಪ್ಪಾ ಮೂರೂ!” ಅಂತ ಕುಸಿದು ಕೂತಳು. “ಆಯ್ತು ಬಿಡು ಮಗನೇ, ನಿನ್ನ ಅನ್ನಾನೂ ಹೋಯ್ತು!”

ಕಂಬಳಿಯೊಳಗಿಂದ ಮಾತು ಬಂತು. “ಶ್! ಊಟ ನಡೀತಿದೆ ಕಣವ್ವ!”

ಕೆಂಪಾಜಮ್ಮ ಕಂಬಳಿಯ ಅಂಚು ಒಂಚೂರು ಎತ್ತಿದಳು. ಬೋರ ಮುಖ ಆ ಕಡೆ ತಿರುಗಿಸಿ ಕೂತು ಸೌತೆಕಾಯಿ ಅಗೀತಿದ್ದ. ತೊಟ್ಟಿಯ ತಳದಲ್ಲಿ ಬೆಂದ ಸೌತೆಕಾಯಿ ಬಿಲ್ಲೆ, ಅದರ ಮೇಲೊಂದು ಕಲ್ಲು. ಬಿಲ್ಲೆಯ ಸುತ್ತ ಮೂರೂ ಮೀನು, ಮೀಸೆ ಆಡಿಸ್ತಾ, ಪಟಪಟ ಅಂತ ತಿಂತಿದ್ವು!

“ಇದೇನೋ ಮಗಾ ಇದು?”

“ನೀನೇ ಹೇಳಿದ್ಯಲ್ಲವ್ವ! ಜತೇಲಿ ಕೂತು ಉಣ್ಣು ಅಂತ. ಅವರ ಕಾಳು ನಾನು ತಿಂದು ನೋಡ್ದೆ, ಥೂ, ಸೇರಲಿಲ್ಲ. ಅದಕ್ಕೆ ಇಬ್ರಿಗೂ ಸೇರೋದು ಹಾಕ್ದೆ. ಅದು ಮೇಲಕ್ಕೆ ತೇಲ್ತು. ಏಳದಂಗೆ ಭಾರ ಇಟ್ಟೆ. ಸಾಬ್ರು ಹೇಳಿದಂಗೆ ದೀಪ ಆರಿಸ್ದೆ, ಹೊದಿಸ್ದೆ, ಮುಖ ತಿರುಗಿಸ್ದೆ. ಮುಗಿದ ಮೇಲೆ ಉಳಿದಿದ್ದು ಎತ್ತಿಬಿಡ್ತೀನಿ, ಆಮೇಲೆ ಹೆಸರುಕಾಳಿನಷ್ಟು ಅವರ ಕಾಳು ಹಾಕ್ತೀನಿ.”

ನೋಡಿ, ಯಾರು ಹೇಳಿದ್ದನ್ನೂ ಬಿಟ್ಟಿರಲಿಲ್ಲ! ಒಂದೊಂದಾಗಿ ಮಾಡಿದಾಗ ಮನೆಹಾಳು ಕೆಲಸ, ಎಲ್ಲಾ ಸೇರಿದಾಗ ಮೀನಿನ ಮದ್ದು. ಕೆಂಪಾಜಮ್ಮ ಕಂಬಳಿ ಮುಚ್ಚಿ, ಹೊರಗೆ ಬಂದು, ಜಗಲಿ ಮೇಲೆ ಕೂತು ಅತ್ತಳು. ಸಂಕಟಕ್ಕಲ್ಲ. ಎದೆ ಮೇಲಿನ ಬಂಡೆ ಇಳಿದಿತ್ತು, ಅದಕ್ಕೆ.

ಅವತ್ತಿಂದ ಅವಳೊಂದು ಕೆಲಸ ಮಾಡಿದಳು. ಏನು ಗೊತ್ತಾ? ಬಾಯಿ ಮುಚ್ಚಿಕೊಂಡಳು! ಮಗನಿಗೆ ಮೀನಿನ ವಿಷಯ ಒಂದು ಮಾತೂ ಹೇಳಲಿಲ್ಲ. ಹೇಳಿದ್ರೆ ಎಲ್ಲಿ ಕೆಡಿಸ್ತಾನೋ! ನಾಲಿಗೆ ತುದಿಗೆ ಮಾತು ಬಂದಾಗಲೆಲ್ಲ ಸೆರಗು ಬಾಯಿಗೆ ತುರುಕಿಕೊಳ್ಳೋಳು. ಬೋರ ದಿನಾ ಹಾಗೇ ಮಾಡಿದ. ಸ್ವಲ್ಪ ಸ್ವಲ್ಪ ಹಾಕಿದ, ಹಗಲಲ್ಲಿ ನಾಲ್ಕಾರು ಸಲ ಹಾಕಿದ, ಉಳಿದಿದ್ದು ಎತ್ತಿದ. ಮೀನಿನ ಬೆನ್ನಿನ ಅಲಗು ಹೋಯ್ತು. ಹೊಟ್ಟೆ ತುಂಬಿ ಬಂತು. ಪಟ್ಟೆ ಫಳಫಳ ಅಂದವು.

ಸಾಬ್ರು ಬಂದು ತೊಟ್ಟಿ ನೋಡಿದರು. ಬಗ್ಗಿ ನೋಡಿದರು. ಕನ್ನಡಕ ಒರೆಸಿ ನೋಡಿದರು.

“ಅಬ್ಬಾ! ಕೆಂಪಾಜಮ್ಮಾ, ನಿಮ್ಮ ಮಗ ನಾಳೆಯಿಂದ ನನ್ನ ಅಂಗಡೀಲಿ!”

ಕೆಂಪಾಜಮ್ಮ ಎರಡೂ ಕೈ ಮುಗಿದಳು.

ಬೋರ ಕೆಲಸಕ್ಕೆ ಹೋದ. ಮೊದಲನೇ ದಿನ ಅಂಗಡಿ ಮುಚ್ಚೋ ಹೊತ್ತಿಗೆ ಸಾಬ್ರು ಅವನ ಬೆನ್ನು ತಟ್ಟಿದರು.

“ಬೋರಾ, ಮೂಳೆ ಎದ್ದು ಕಾಣೋ ಜೀವ ಯಾವುದು ಕಣ್ಣಿಗೆ ಬಿದ್ರೂ ನನ್ನ ಕೇಳೋಕೆ ಬರಬೇಡ. ಆ ಮೂರಕ್ಕೆ ಹೆಂಗೆ ಮಾಡಿದ್ಯೋ ಹಂಗೇ ಮಾಡು.”

“ಆಗ್ಲಿ ಸಾಬ್ರೇ, ಇನ್ಮೇಲೆ ಹಂಗೇ ಮಾಡ್ತೀನಿ.”

ಮನೆಗೆ ಬಂದ. ಅವ್ವ ಒಲೆ ಮುಂದೆ ಕೂತು ಪಾತ್ರೆ ಕೆರೀತಿದ್ದಳು. ಬೋರ ನಿಂತು ನೋಡಿದ. ಕೊರಳ ಹತ್ರ ನೋಡಿದ. ಬೆನ್ನು ನೋಡಿದ. ದೀಪ ಆರಿಸಿದ.

“ಯಾರೋ ಅದು? ಬೋರಾ! ಏನೋ ಮಾಡ್ತಿದ್ದೀಯಾ?”

ಕಂಬಳಿ ಬಂತು, ಅವ್ವನ ತಲೆ ಮೇಲೆ ಬಿತ್ತು. ಕಂಬಳಿಯೊಳಕ್ಕೊಂದು ತಟ್ಟೆ ಬಂತು. ತಟ್ಟೇಲಿ ಮುದ್ದೆ, ಬೆಂದ ಸೌತೆಕಾಯಿ, ಸೌತೆಕಾಯಿ ಮೇಲೊಂದು ಕಲ್ಲು. ಪಕ್ಕದಲ್ಲಿ ಬೋರ ಬಂದು ಕೂತ, ಗೋಡೆ ಕಡೆ ಮುಖ ಮಾಡಿಕೊಂಡು.

“ನಾಚ್ಕೋಬೇಡವ್ವ. ನೀನೊಂದು ತುತ್ತು, ನಾನೊಂದು ತುತ್ತು.”

ಕೆಂಪಾಜಮ್ಮ ಬೈಯೋಕೆ ಬಾಯಿ ತೆರೆದಳು. ಹೆಸರುಕಾಳಿನಷ್ಟು ಮುದ್ದೆ ಒಳಗೆ ಬಿತ್ತು! ನುಂಗಿ ಮತ್ತೆ ಬಾಯಿ ತೆರೆದಳು. ಇನ್ನೊಂಚೂರು ಬಿತ್ತು! ಅವಳಿಗೆ ಬಡಿಸಿ, ಅವಳ ಜತೇಲಿ ಕೂತು ಉಂಡವರು ಅದುವರೆಗೂ ಯಾರೂ ಇರಲಿಲ್ಲ. ಕತ್ತಲಲ್ಲಿ ಅವಳ ಬೈಗುಳ ಎಲ್ಲಿ ಹೋಯ್ತೋ! ನಕ್ಕಳು, ಅತ್ತಳು, ನುಂಗಿದಳು. ಮುದ್ದೆ ಮುಗೀತು, ಸೌತೆಕಾಯಿ ಮುಗೀತು. ಆಮೇಲೆ ಗಟ್ಟಿಯಾಗಿದ್ದ ಏನೋ ಒಂದು ಕಾಳು ಬಾಯಿಗೆ ಬಿತ್ತು. ಅಗಿದಳು. ಮೀನಿನ ಡಬ್ಬಿದು!

“ಥೂ! ಸಾಕು ಕಣೋ! ಸಾಕು!”

ಬೋರ ಚಂಗನೆ ಎದ್ದ. ಕುಣಿದ. ತಟ್ಟೆ ಎತ್ತಿದ. ಬಾಗಿಲಿಗೆ ಬಗ್ಗೋದನ್ನೂ ಮರೆತು ಹಣೆ ಬಡಿಸಿಕೊಂಡು ಬೀದಿಗೆ ಓಡಿದ. ಸಾಬ್ರು ಇನ್ನೂ ಅಂಗಡಿಗೆ ಬೀಗ ಹಾಕ್ತಿದ್ದರು.

“ಸಾಬ್ರೇ! ಸಾಬ್ರೇ! ಕೊನೆಗೂ ಒಂದು ಮೀನು ಬಾಯಿಬಿಟ್ಟು ‘ಸಾಕು’ ಅಂತು!”

“ಹಾಂ? ಯಾವ ಮೀನೋ?”

“ನಮ್ಮವ್ವ ಸಾಬ್ರೇ! ನಮ್ಮವ್ವ! ಇರಿ, ಹೋಗಿ ತೊಟ್ಟಿಗೆ ಬಿಟ್ಟು ಬರ್ತೀನಿ!”