ಖಾಲಿ ಸಾಲು ದಾಟುವ ಕರ್ಸರ್

ಕೃಷ್ಣೆಯ ದಂಡೆಯ ಮೇಲೆ ಮುರಿಗೆಯ್ಯ ಗುರುಗಳ ಆಶ್ರಮ. ಹಳೆಯ ಹಾಡುಗಳನ್ನು ಬರೆದಿಡಲೆಂದು ಅಲ್ಲಿಯವರು ತಮ್ಮದೇ ಒಂದು ಟೆಕ್ಸ್ಟ್ ಎಡಿಟರ್ ಕಟ್ಟಿಕೊಂಡಿದ್ದರು. ಅದರ ಸಹಾಯಪುಟಗಳನ್ನು ಬರೆಯುವ ಕೆಲಸ ಶಿಷ್ಯೆ ಪ್ರಭಾವತಿಯದು.

ಕರ್ಸರ್ ಚಲನೆಯ ಸೆಟ್ಟಿಂಗ್ ಕುರಿತು ಆಕೆ ಬರೆದಳು: 'ಲಂಬ ಚಲನೆಯಲ್ಲಿ ಸ್ತಂಭಸ್ಥಾನ ಸಂರಕ್ಷಿಸಲ್ಪಡುತ್ತದೆ.'

ಗುರುಗಳು ಓದಿದರು. "ಯಾರಿಗಾಗಿ ಬರೆದೆ?"

"ಎಲ್ಲರಿಗಾಗಿ."

"ಎಲ್ಲರೂ ಬಂದಿಲ್ಲ. ಚಂದ್ರವ್ವ ಬಂದಿದ್ದಾಳೆ. ಆಕೆಗೆ ಓದಿ ಹೇಳು."

ತೀರಿಹೋದ ಅಕ್ಕನ ಬೀಸುವ ಹಾಡುಗಳನ್ನು ಟೈಪ್ ಮಾಡಲು ಚಂದ್ರವ್ವ ಹೊಳೆಯಾಚೆಯಿಂದ ಬರುತ್ತಿದ್ದಳು. ಆ ಸಾಲು ಕೇಳಿ ನಕ್ಕುಬಿಟ್ಟಳು.

"ಯವ್ವಾ, ಇದು ಮಂತ್ರ ಆತು. ನನ್ನ ಕೈಯಾಗ ಏನ್ ಮಾಡ್ತದ, ಅದನ್ನ ಹೇಳು."

ಪ್ರಭಾವತಿ ಕೀಬೋರ್ಡನ್ನು ಆಕೆಯ ಮುಂದೆ ಸರಿಸಿದಳು. "ಕರ್ಸರ್ ಸಾಲಿನ ನಡುವೆ ಇದೆ. ಕೆಳಗಿನ ಬಾಣ ಒತ್ತಿ."

ಹಾಡಿನ ಎರಡು ನುಡಿಗಳ ನಡುವೆ ಖಾಲಿ ಸಾಲು. ಕರ್ಸರ್ ಎಡ ಅಂಚಿಗೆ ಹೋಗಿ ನಿಂತಿತು.

"ಇನ್ನೊಮ್ಮೆ ಒತ್ತಿ."

ಮುಂದಿನ ಸಾಲಿನಲ್ಲಿ ಅದು ಮೊದಲಿದ್ದ ನೇರಕ್ಕೇ ಬಂತು.

"ಸೆಟ್ಟಿಂಗ್ ಆನ್ ಇದ್ದರೆ ಹೀಗೆ. ಆಫ್ ಮಾಡಿದರೆ ಅಂಚಿನಲ್ಲೇ ಉಳಿದುಬಿಡುತ್ತದೆ."

ಚಂದ್ರವ್ವ ಮೇಲೆ ಹೋದಳು, ಕೆಳಗೆ ಬಂದಳು. ಖಾಲಿ ಸಾಲಿನಲ್ಲಿ ಬೆರಳು ನಿಂತಿತು. "ಇಲ್ಲಿ ಒಂದಕ್ಷರಾನೂ ಇಲ್ಲ. ಆದ್ರೂ ತನ್ನ ಜಾಗಾ ಅದಕ್ಕ ನೆನಪಿರ್ತದ?"

"ಇರುತ್ತದೆ."

"ನೋಡಿದವರಿಗೆ ತಿಳೀತದೇನು?"

"ಇಲ್ಲ" ಎಂದ ಪ್ರಭಾವತಿ ಹೊಳೆಯ ಕಡೆ ನೋಡಿದಳು.

ಕಾಶಿಗೆ ಹೋಗಿ ಬರುತ್ತೇನೆಂದು ಹೊರಟ ಗಂಡ ಅಡಿವೆಪ್ಪ ಬಂದೇ ಇರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಆಚೆ ದಂಡೆಯಿಂದ ದೋಣಿ ಹೊರಟರೆ ಇಂದಿಗೂ ಆಕೆಯ ಕೈ ತಂತಾನೇ ಸೆರಗು ಸರಿಮಾಡಿಕೊಳ್ಳುತ್ತಿತ್ತು. ಮರೆಯುವುದನ್ನು ಕಲಿಸಿ ಎಂದೇ ಆಕೆ ಗುರುಗಳ ಬಳಿ ಬಂದದ್ದು. ಅವರು ಕೊಟ್ಟದ್ದು ಈ ಕೆಲಸ.

ಸಂಜೆಯ ಹೊತ್ತಿಗೆ ಪುಟ ಹೊಸದಾಗಿತ್ತು: 'ಈ ಸೆಟ್ಟಿಂಗ್ ಆನ್ ಇದ್ದಾಗ, ಕರ್ಸರ್ ಗಿಡ್ಡ ಸಾಲನ್ನೋ ಖಾಲಿ ಸಾಲನ್ನೋ ದಾಟಿ ಉದ್ದ ಸಾಲಿಗೆ ಬಂದೊಡನೆ ಮೊದಲಿದ್ದ ನೇರಕ್ಕೇ ಮರಳುತ್ತದೆ. ನಡುವೆ ಎಡ ಅಥವಾ ಬಲ ಬಾಣ ಒತ್ತಿದರೆ ಆ ನೇರ ಮರೆತುಹೋಗುತ್ತದೆ. ಆಫ್ ಮಾಡಲು ಪಕ್ಕದ ಟಿಕ್ ಗುರುತು ತೆಗೆಯಿರಿ.'

ಗುರುಗಳು ತಲೆದೂಗಿದರು. "ಒಂದು ಮಾತು ಬಿಟ್ಟಿದ್ದೀಯ. ಯಾರೂ ಏನೂ ಮುಟ್ಟದಿದ್ದರೆ ಇದು ಆನ್ ಇರುತ್ತದೋ, ಆಫ್ ಇರುತ್ತದೋ?"

"ಅದಿನ್ನೂ ನಿರ್ಧಾರವಾಗಿಲ್ಲ, ಗುರುಗಳೇ."

"ನೀನೇ ನಿರ್ಧರಿಸು."

ಹೊರಗೆ ದೋಣಿಯಿಂದ ಇಳಿದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಿದ್ದರು. ಕೊನೆಯವನ ಮುಖ ಕಾಣುವವರೆಗೂ ಪ್ರಭಾವತಿ ನೋಡಿದಳು.

"ಆನ್ ಇರಲಿ" ಎಂದಳು.

ಅದನ್ನು ಬರೆದು, ತಲೆ ಎತ್ತದೆ ಕೇಳಿದಳು: "ಮರೆಯುವುದನ್ನು ನನಗೆ ಯಾವಾಗ ಕಲಿಸುತ್ತೀರಿ?"

"ಆಫ್ ಮಾಡುವ ಬಗೆ ಪುಟದಲ್ಲೇ ಇದೆಯಲ್ಲಮ್ಮ, ನೀನೇ ಬರೆದದ್ದು. ಬೇಕೆನಿಸಿದ ದಿನ ಓದಿಕೋ."