ಬಾಲವಿಲ್ಲದ ಗ್ಲೈಡರು

"ಹತ್ತಿರ ಬಾ. ಈ ಮಾತು ಗೋಡೆಗೂ ಕೇಳಬಾರದು, ಆಣೆ ಹಾಕು," ಎಂದು ಶೆಡ್ಡಿನ ಮುದಿ ಹಲ್ಲಿ ದನಿ ತಗ್ಗಿಸಿ, ಮೊಳೆಗೆ ನೇತುಹಾಕಿದ್ದ ಗಾಳಿಪಟಕ್ಕೆ ಹೇಳಿತು. "ನಮ್ಮ ಯಜಮಾನ ತಿಪ್ಪೇಶಿ ಕಟ್ಟಿದ್ದಾನಲ್ಲ, ಎರಡಾಳುದ್ದದ ಗ್ಲೈಡರು, ಅದಕ್ಕೆ ಬಾಲವೇ ಇಲ್ಲ ಕಣೇ. ಬರೀ ರೆಕ್ಕೆ. ಬಾಲ ಬಿಡೋದು ಯಾವಾಗ? ಹೆದರಿ ಓಡುವಾಗ. ಇದು ಎಲ್ಲಿಂದಲೋ ಓಡಿ ಬಂದಿದೆ."

ಮಾರುದ್ದದ ಬಾಲಂಗೋಚಿಯ ಗಾಳಿಪಟಕ್ಕೆ ತಲೆ ಕೆಟ್ಟಿತು. "ಇಲ್ಲೇ ಕಟ್ಟಿದ್ದನ್ನು ನಾನೇ ನೋಡಿದೆನಲ್ಲ, ಅಜ್ಜಿ?"

"ನೀನು ನೋಡಿದ್ದೆಲ್ಲ ನಿಜವಾ?" ಎಂದಿತು ಹಲ್ಲಿ. ಅದಕ್ಕೂ ಒಳಗೊಳಗೆ ಗೊಂದಲವೇ. ಆ ಬಾಲ ಎಲ್ಲಿರಬಹುದೆಂದು ಮರದ ಚೂರುಗಳ ಕೆಳಗೆ, ಗೋಂದಿನ ಡಬ್ಬಿಯ ಹಿಂದೆ ಹುಡುಕಿ ಅದಕ್ಕೆ ಸಾಕಾಗಿತ್ತು.

ಅಷ್ಟರಲ್ಲಿ ತಿಪ್ಪೇಶಿ ಬಂದು, "ಇವತ್ತು ಇದು ಬಿದ್ದರೆ ಒಡೆದು ಒಲೆಗೆ ಹಾಕ್ತೀನಿ. ಬೀಳುತ್ತೋ ಏನೋ," ಎಂದು ಗೊಣಗಿದ. ಇದೇ ಸಮಯವೆಂದು ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ನಿಜವೆಂದು ನಂಬುವ ಮನುಷ್ಯನ ಮುಖ ಸಪ್ಪೆಯಾಯಿತು. ಆದರೂ ಹೊತ್ತುಕೊಂಡು ಗುಡ್ಡಕ್ಕೆ ಹೋದ.

ಗ್ಲೈಡರು ಬೀಳಲಿಲ್ಲ. ಮಧ್ಯಾಹ್ನವೆಲ್ಲ ಗುಡ್ಡದ ಮೇಲೆ ತೇಲಿತು. ಸಂಜೆ ತಿಪ್ಪೇಶಿ ಅದನ್ನು ಹೊತ್ತು ಬಾಗಿಲು ದಾಟಿದಾಗ ನೆರಳು ಗೋಡೆಯ ತುಂಬ ಹರಡಿತು. ಹದ್ದೇ ಬಂತೆಂದು ಹಲ್ಲಿ ಬಿದ್ದೆನೋ ಎದ್ದೆನೋ ಎಂದು ತೊಲೆಯ ಸಂದಿಗೆ ಓಡಿತು. ಅದರ ಬಾಲ ಮಾತ್ರ ನೆಲದ ಮೇಲೆ ಕುಣಿಯುತ್ತಿತ್ತು.

ಗಾಳಿಪಟ ಬಾಲವನ್ನೊಮ್ಮೆ, ಗ್ಲೈಡರನ್ನೊಮ್ಮೆ ನೋಡಿತು. ಏನೂ ತಿಳಿಯಲಿಲ್ಲ.

ಆ ಪಿಸುಮಾತನ್ನೆಲ್ಲ ಕೇಳಿಸಿಕೊಂಡಿದ್ದ ಗ್ಲೈಡರು ಮಾತ್ರ, ಸಂದಿಯಿಂದ ಇಣುಕಿದ ಹಲ್ಲಿಯ ಮುಖಕ್ಕೇ ಹೇಳಿತು: "ಅಜ್ಜಿ, ಇಲ್ಲೊಂದು ಬಾಲ ಬಿದ್ದಿದೆ. ನನ್ನದಂತೂ ಅಲ್ಲ. ತಾವು ಎಲ್ಲಿಂದ ಓಡಿ ಬಂದಿರಿ?"