ಮ್ಯಾನ್ ಆಗದ ನಂಜಜ್ಜ

ಚೆಲುವರಾಜ ದೊರೆಗೆ ಇಂಗ್ಲೀಷು ಬಂದುಬಿಡ್ತು. ಎಷ್ಟು ಬೇಗ ಬಂತು ಅಂದ್ರೆ, ಶಿಕಾರಿಗೆ ಬಂದಿದ್ದ ಬಿಳಿ ಸಾಹೇಬ ಉಂಡು ಕೈ ತೊಳೆಯೋದರೊಳಗೆ ಬಂತು.

"ಇದರಲ್ಲಿ ಕಷ್ಟ ಏನೂ ಇಲ್ಲ ಗಿರಿಯವ್ವ," ಅಂದ ದೊರೆ, ಮೀಸೆ ತೀಡ್ತಾ. "ಎಲ್ಲಾ ಒಂದೇ ಬಾಲದಲ್ಲಿದೆ. ಹಾಲಿಗೆ ಮಿಲ್ಕ್ ಅಂತಾರೆ, ಹಾಲು ತರೋನು ಮಿಲ್ಕ್‌ಮ್ಯಾನ್. ಬಾಗಿಲಿಗೆ ಡೋರ್, ಬಾಗಿಲಲ್ಲಿ ನಿಲ್ಲೋನು ಡೋರ್‌ಮ್ಯಾನ್. ಟಪಾಲಿನವನು ಪೋಸ್ಟ್‌ಮ್ಯಾನ್, ಪಹರೆಯವನು ವಾಚ್‌ಮ್ಯಾನ್. ಮುಂದೆ ಕೆಲಸ, ಹಿಂದೆ ಮ್ಯಾನ್. ಮುಗೀತು!"

ಗಿರಿಯವ್ವ ದೊರೆಗೆ ಎಲೆ ಮಡಿಚಿ ಕೊಡೋಳು. ಅವಳವ್ವ ದೊರೆಯನ್ನ ಎತ್ತಿ ಆಡಿಸಿ ಸಾಕಿದೋಳು. ಹಂಗಾಗಿ, ಮಂತ್ರಿ ಕೆಮ್ಮೋಕೂ ಹೆದರೋ ಕಡೆ ಇವಳು ಬಾಯ್ತುಂಬ ಮಾತಾಡ್ತಿದ್ಳು.

"ಮ್ಯಾನ್ ಅಂದ್ರೇನು ಬುದ್ಧಿ?"

"ಗಂಡಸು ಅಂತ."

"ಅರಮನೆಗೆ ಹಾಲು ತರೋದು ಪುಟ್ಟಗೌರಿ."

ದೊರೆ ತಲೆ ಕೆರ್ಕೊಂಡ. "ಅವಳೂ ಮ್ಯಾನೇ. ಇಂಗ್ಲೀಷಲ್ಲಿ ಅದೆಲ್ಲ ನೋಡಬಾರದು."

ಅವತ್ತು ಸಂಜೆ ಪುಟ್ಟಗೌರಿ ಗಂಡ ಕಿಸಕ್ಕನೆ ನಕ್ಕ. "ಮನೇಲಿ ಇಬ್ಬರು ಗಂಡಸರಾದ್ವಲ್ಲೇ, ಇನ್ನು ಮುದ್ದೆ ತಿರುವೋರು ಯಾರು?"

"ಇಲ್ಲೀಗಂಟ ಒಬ್ಬನೂ ಇರಲಿಲ್ಲ, ಈಗ ಒಬ್ಬ ಆದ. ಸುಮ್ನೆ ಉಣ್ಣು," ಅಂದ್ಳು ಮಿಲ್ಕ್‌ಮ್ಯಾನ್.

ಮಾರನೇ ದಿನ ಅರಮನೆ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೊರೆ ಒಬ್ಬೊಬ್ಬರಿಗೂ ಬಾಲ ಅಂಟಿಸ್ತಾ ಬಂದ. ಕೊನೇಗೆ ನಂಜಜ್ಜ. ದೊಡ್ಡ ದೊರೆ ಕಾಲದಿಂದ ಅರಮನೆ ಮೆಟ್ಟಿಲ ಕೆಳಗೇ ಮಲಗೋ ಮುದುಕ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಬೇರೆ ಸೂರಿಲ್ಲ.

"ನಿಂದೇನು ಕೆಲಸ?"

"ಅದೇ ಬುದ್ಧಿ... ಇಲ್ಲೇ ಇರ್ತೀನಲ್ಲ."

"ಇರೋದು ಒಂದು ಕೆಲಸವೇನಯ್ಯ? ಏನು ಮಾಡ್ತೀಯ ಹೇಳು."

ನಂಜಜ್ಜ ಬೆರಳು ಹಿಸುಕ್ಕೊಂಡ. ಏನಂತ ಹೇಳ್ತಾನೆ ಪಾಪ. ದೊರೆ ಎಷ್ಟು ಹುಡುಕಿದ್ರೂ ಅವನಿಗೆ ಬಾಲ ಅಂಟಲಿಲ್ಲ. ಸಾಹೇಬನ ಇಂಗ್ಲೀಷು ಸೋತಿತು ಅಂತ ಒಪ್ಕೊಳ್ಳೋದಕ್ಕೆ ದೊರೆಗೆ ನಾಚಿಕೆ. ಅದಕ್ಕೇ ರೇಗಿದ.

"ಹೆಸರಿಲ್ಲದ ಕೆಲಸ ಮಾಡೋರು ನನ್ನ ಅರಮನೇಲಿ ಇರಬಾರದು!"

ನಂಜಜ್ಜ ಚಾಪೆ ಸುತ್ತಿ ಕಂಕುಳಲ್ಲಿಟ್ಕೊಂಡು ಚತ್ರದ ದಾರಿ ಹಿಡಿದ. ಗಿರಿಯವ್ವನಿಗೆ ಹೊಟ್ಟೆ ಉರೀತು. ಆದ್ರೆ ಬಾಯಲ್ಲಿ ಜೇನು ಸುರಿಸಿದ್ಳು.

"ಆಜ್ಞೆ ಅಂದ್ರೆ ಇದು ಬುದ್ಧಿ! ಇನ್ನೊಂದು ಸೇರಿಸ್ಬಿಡಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಇಲ್ಲಾಂದ್ರೆ ಮಿಲ್ಕ್‌ಮ್ಯಾನು ಬಾಗಿಲು ತೆಗೆದು, ಡೋರ್‌ಮ್ಯಾನು ಹಾಲು ಹಿಡಿದು, ಇಟ್ಟ ಹೆಸರೆಲ್ಲ ಕಲಸುಮೇಲೋಗರ ಆಗ್ತದೆ."

"ಭೇಷ್! ಎರಡನ್ನೂ ಡಂಗುರ ಹೊಡೆಸಿ. ಯಾರಿಗೂ ವಿನಾಯ್ತಿ ಇಲ್ಲ."

"ಯಾರಿಗೂ ಇಲ್ವಾ ಬುದ್ಧಿ?"

"ಯಾರಿಗೂ ಅಂದಮೇಲೆ ನಾನೂ ಸೇರ್ಕೊಂಡೇ!"

ಗಿರಿಯವ್ವ ಎಲೆ ಮಡಿಚಿ ಕೊಟ್ಟಳು, ಒಂದು ಏಲಕ್ಕಿ ಜಾಸ್ತಿ ಹಾಕಿ.

ಬೆಳಗಾಯ್ತು. ಬಿಸಿಲು ಬಂದು ಮೂಗಿನ ಮೇಲೆ ಕೂತ ಮೇಲೇ ದೊರೆಗೆ ಎಚ್ಚರ. ಕೆಳಗೆ ಕಾಲಿಟ್ಟರೆ ಚಪ್ಪಲಿ ಇಲ್ಲ.

"ಯಾರಲ್ಲಿ? ಚಪ್ಪಲಿ!"

"ನಂದು ಬಾಗಿಲು ಬುದ್ಧಿ," ಅಂದ ಡೋರ್‌ಮ್ಯಾನ್ ನಿಂತಲ್ಲಿಂದಲೇ. "ಬಾಗಿಲು ಚೆನ್ನಾಗಿದೆ."

ದೊರೆ ಮಂಚದ ಕೆಳಗೆ ತೂರಿ ಒಂದನ್ನ ಎಳ್ಕೊಂಡ. ಇನ್ನೊಂದು ಮೂಲೇಲಿತ್ತು, ಅಲ್ಲಿಗೂ ತೆವಳಿದ.

"ಹಾಲೆಲ್ಲಿ?"

"ಹೊಸ್ತಿಲಲ್ಲಿ ಇಟ್ಟಿದ್ದೀನಿ ಬುದ್ಧಿ," ಪುಟ್ಟಗೌರಿ ಅಂಗಳದಿಂದ ಕೂಗಿದ್ಳು. "ಹಾಲು ತರೋದು ನಂದು. ಕುಡಿಸೋದು ಮಿಲ್ಕ್‌ಮ್ಯಾನಿಗೆ ಬರಲ್ಲ!"

ದೊರೆ ಹೋಗಿ ಚೊಂಬು ತಂದ. ನೋಡಿದ್ರೆ ಮೇಲೆ ಇಷ್ಟು ದಪ್ಪ ಕೆನೆ. ಕೆನೆ ಕಂಡ್ರೆ ದೊರೆಗೆ ಚಿಕ್ಕಂದಿನಿಂದ ಓಕರಿಕೆ. ಇಷ್ಟು ವರ್ಷ ಅದು ಎಲ್ಲಿ ಹೋಗ್ತಿತ್ತೋ ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಕೊಂಡು ಬೆರಳಲ್ಲೇ ತೆಗೆದ. ಅಷ್ಟರಲ್ಲಿ ಕಿಟಕೀಲಿ ಕಾಗೆ ಬಂತು. ಚಪ್ಪಲಿ ಬೀಸಿ ಓಡಿಸಿದ. ಆ ಚಪ್ಪಲಿ ಕಿಟಕಿ ಆಚೆ ಬಿತ್ತು.

ಆಮೇಲೆ ಶುರುವಾಯ್ತು ಬೆನ್ನಲ್ಲಿ ನವೆ, ಕೈ ಹೋಗದ ಜಾಗದಲ್ಲಿ. ದಿನಾ ನವೆ ಬಂದಾಗ ಹಿಂದಿನಿಂದ ಒಂದು ಕೈ ತಾನಾಗೇ ಬರ್ತಿತ್ತು, ಯಾರದ್ದು ಅಂತ ಅವನು ತಿರುಗಿ ನೋಡಿದ್ದೇ ಇಲ್ಲ. ದೊರೆ ಅತ್ತ ನೋಡಿದ, ಇತ್ತ ನೋಡಿದ. ಕಂಬಕ್ಕೆ ಬೆನ್ನು ಕೊಟ್ಟು ಎಮ್ಮೆ ಥರ ಉಜ್ಜಿದ. ತಿರುಗಿದ್ರೆ ಕಂಬದ ಮರೇಲಿ ಗಿರಿಯವ್ವ, ಎಲೆ ತಟ್ಟೆ ಮಡಿಲಲ್ಲಿಟ್ಕೊಂಡು ಕೂತಿದ್ದಾಳೆ.

"ಯಾವಾಗ ಬಂದೆ?"

"ಮಂಚದ ಕೆಳಗೆ ಹೋದ್ರಲ್ಲ, ಆವಾಗ."

"ನೋಡ್ಕೊಂಡು ಕೂತಿದ್ಯಾ? ಇದನ್ನೆಲ್ಲ ಯಾರು ಮಾಡ್ತಿದ್ರು ಇಲ್ಲೀಗಂಟ?"

"ನಂಜಜ್ಜ. ಎಬ್ಬಿಸೋದು, ಚಪ್ಪಲಿ ಜೋಡಿಸೋದು, ಕೆನೆ ತೆಗೆಯೋದು, ಕಾಗೆ ಓಡಿಸೋದು. ನಿಮ್ಮ ಬೆನ್ನು ಅಂತೂ ನಿಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ಇವತ್ತು ಅಷ್ಟೂ ತಾವೇ ಮಾಡಿದ್ರಿ. ಪರವಾಗಿಲ್ಲ, ಕೈ ಕುದುರಿದೆ."

ದೊರೆ ಕೆನೆ ಅಂಟಿದ್ದ ಬೆರಳನ್ನ ಕಂಬಕ್ಕೆ ಒರೆಸಿದ.

"ಒಂದೇ ತೊಂದ್ರೆ ಬುದ್ಧಿ," ಅಂದ್ಳು ಗಿರಿಯವ್ವ, ಎಲೆಗೆ ಸುಣ್ಣ ಸವರ್ತಾ. "ಈ ಕೆಲಸಕ್ಕೆ ಹೆಸರಿಲ್ಲ. ತಾವೇ ಹುಡುಕಿ ಸೋತ್ರಿ. ಹೆಸರಿಲ್ಲದ ಕೆಲಸ ಮಾಡೋರು ಅರಮನೇಲಿ ಇರಬಾರದು ಅಂತ ಡಂಗುರ ಆಗಿದೆ, ಊರೆಲ್ಲ ಕೇಳಿದೆ. ತಮ್ಮ ಗಂಟುಮೂಟೆ ನಾನೇ ಕಟ್ತಿದ್ದೆ, ಆದ್ರೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕೋ ಹಂಗಿಲ್ಲ. ಚತ್ರ ಏನು ದೂರ ಅಲ್ಲ. ನಂಜಜ್ಜನಿಗೆ ಹೇಳಿ ಬಂದಿದ್ದೀನಿ, ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿಟ್ಟಿದ್ದಾನೆ."

ದೊರೆಯ ಮುಖ ಕೆಂಪಾಯ್ತು. ಆಮೇಲೆ ಮೀಸೆ ಅಲ್ಲಾಡ್ತು. ಆಮೇಲೆ ಹೊಟ್ಟೆ. ಒಂದೇ ಚಪ್ಪಲಿ ಮೆಟ್ಕೊಂಡು ಕಂಬ ಹಿಡ್ಕೊಂಡು ನಕ್ಕ.

ಮಧ್ಯಾಹ್ನದೊಳಗೆ ನಂಜಜ್ಜನ ಚಾಪೆ ಮೆಟ್ಟಿಲ ಕೆಳಗೆ ವಾಪಸ್ ಬಂತು. ಬಂದೋನು ಏನೂ ಕೇಳಲಿಲ್ಲ, ನೇರವಾಗಿ ಹೋಗಿ ದೊರೆ ಬೆನ್ನಿನ ಆ ಜಾಗಕ್ಕೇ ಕೈ ಇಟ್ಟ. ದೊರೆಗೆ ಕಣ್ಣು ಮುಚ್ಕೊಂಡು ಬಂತು.

"ಅಲ್ಲಯ್ಯ, ನಿನ್ನ ಏನಂತ ಕರೀಲಿ?"

"'ನಂಜಾ' ಅನ್ನಿ ಬುದ್ಧಿ. ಇಷ್ಟು ದಿನ ಅಂದಾಗೆಲ್ಲ ಬಂದಿದ್ದೀನಲ್ಲ."

ದೊರೆ ಒಂದು ಕಣ್ಣು ತೆಗೆದು ಗಿರಿಯವ್ವನ ಕಡೆ ನೋಡಿದ. "ನಿನ್ನ ಈ ಬಾಯಿಗೆ ಏನು ಹೆಸರಿಡಬೇಕೇ?"

"ಹೆಸರು ಬೇಡ ಬುದ್ಧಿ," ಅಂದ್ಳು ಗಿರಿಯವ್ವ. "ಒಂದು ಸೀರೆ ಸಾಕು."